ಶಿಬಿರದ ಚಹಾ, ಗೂಡಂಗಡಿಯ ಬಾಟಲಿ

ಎನ್‌ಎಸ್‌ಎಸ್ ಶಿಬಿರವಿರಲಿ, ಎನ್‌ಸಿಸಿ ಅಥವಾ ಸ್ಕೌಟ್ಸ್–ಗೈಡ್ಸ್ ಶಿಬಿರವಿರಲಿ, ಬೆಳಗಿನ ಚಹಾ ಇಲ್ಲದೆ ದಿನ ಶುರುವಾಗುವುದು ಅಪರೂಪ. ಅದಕ್ಕೆ ಯಾರ ತಕರಾರೂ ಇಲ್ಲ. ಈಗ ಗೂಡಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ಎನರ್ಜಿ ಡ್ರಿಂಕ್ ಕೂಡ ಮಕ್ಕಳ ಬ್ಯಾಗಿನಲ್ಲಿ ಒಳಗೆ ಬರುತ್ತಿದೆ. ಎರಡರಲ್ಲೂ ಇರುವುದು ಕೆಫೀನೇ ಎಂದು ಎರಡನ್ನೂ ಬಿಡುವುದಾಗಲಿ, ಎರಡನ್ನೂ ನಿಷೇಧಿಸುವುದಾಗಲಿ ಸರಿಯಲ್ಲ. ಚಹಾ ಇರಲಿ, ಬಾಟಲಿ ಬೇಡ. ಆದರೆ ಹಾಗೆ ಹೇಳುವ ಹಕ್ಕು ಬರಬೇಕಾದರೆ ಆಯೋಜಕರು ಮೊದಲು ತಮ್ಮ ವೇಳಾಪಟ್ಟಿಯನ್ನು ತಿದ್ದಿಕೊಳ್ಳಬೇಕು.

ಬಾಟಲಿ ಏಕೆ ಬೇಡ ಎಂಬುದಕ್ಕೆ ಉತ್ತರ ಅದರ ಲೇಬಲ್ಲಿನಲ್ಲೇ ಇದೆ. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಮಕ್ಕಳಿಗೆ ಸೂಕ್ತವಲ್ಲ, ದಿನಕ್ಕೆ 500 ಮಿಲಿ ಮೀರಬಾರದು ಎಂದು ಅದರ ಮೇಲೆ ಅಚ್ಚು ಹಾಕಲೇಬೇಕು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹದಿಹರೆಯದವರಿಗೆ ಸೂಚಿಸಿದ ಮಿತಿ ದೇಹತೂಕದ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ. 45 ಕಿಲೋ ತೂಗುವ ಹುಡುಗನಿಗೆ ಅದು 135 ಮಿಲಿಗ್ರಾಂ. ಕಾಲು ಲೀಟರಿನ ಎರಡು ಬಾಟಲಿ ಕುಡಿದರೆ 150ರವರೆಗೂ ಹೋಗುತ್ತದೆ. ದೊಡ್ಡವರಿಗೆ ಹಾಕಿದ ಮಿತಿಯೊಳಗೇ ಇದ್ದೂ ಅವನು ತನ್ನ ಮಿತಿ ದಾಟಿರುತ್ತಾನೆ. ಹದಿನಾರರ ಹುಡುಗ ಮಗುವೇ ಎಂದು ಕೇಳುವವರಿದ್ದಾರೆ. ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಹದಿನೆಂಟು ತುಂಬುವವರೆಗೂ ಮಗುವೇ. ಪೋಲೆಂಡ್ 2024ರ ಜನವರಿಯಿಂದ ಆ ವಯಸ್ಸಿನೊಳಗಿನವರಿಗೆ ಇವುಗಳ ಮಾರಾಟವನ್ನೇ ನಿಲ್ಲಿಸಿದೆ.

ಒಂದು ಲೋಟ ಫಿಲ್ಟರ್ ಕಾಫಿಯಲ್ಲೂ ಅಷ್ಟೇ ಕೆಫೀನ್ ಇದೆಯಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಐಸಿಎಂಆರ್ ಅಂದಾಜಿನಲ್ಲಿ 150 ಮಿಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಚಹಾದಲ್ಲಿ 30ರಿಂದ 65. ಆದ್ದರಿಂದ ಕಾಫಿಗೂ ಅಳತೆ ಬೇಕು. ಆದರೆ ಬಿಸಿ ಚಹಾವನ್ನು ಯಾರೂ ಗಟಗಟನೆ ಕುಡಿಯುವುದಿಲ್ಲ, ಬಡಿಸುವವರ ಕೈಯಲ್ಲಿ ಸೌಟು ಇರುತ್ತದೆ. ತಣ್ಣಗಿನ ಸಿಹಿ ಬಾಟಲಿ ಕಬಡ್ಡಿ ಮುಗಿಸಿ ಬಾಯಾರಿದವನ ಕೈಯಲ್ಲಿ ಎರಡೇ ನಿಮಿಷಕ್ಕೆ ಖಾಲಿ. ಒಬ್ಬ ಕುಡಿದರೆ ಗುಂಪೇ ಕುಡಿಯುತ್ತದೆ. ಮನೆಯಲ್ಲಿ ಕುಡಿಯುವ ಹುಡುಗನನ್ನು ಇಲ್ಲಿ ತಡೆಯುವುದೇಕೆ ಎಂಬ ಪ್ರಶ್ನೆಗೂ ಇದೇ ಉತ್ತರ: ಗೆಳೆಯರೆದುರು ಬೇಡವೆನ್ನುವುದು ಆ ವಯಸ್ಸಿಗೆ ಕಷ್ಟ, ಶಿಬಿರದಲ್ಲಿ ಹೆತ್ತವರ ಹೊಣೆ ಹೊತ್ತವರು ಶಿಬಿರಾಧಿಕಾರಿಗಳು.

ಇಷ್ಟಾದರೂ ಮಕ್ಕಳಿಗೆ ಬಾಟಲಿ ಬೇಕೆನಿಸುವುದೇಕೆ? ಹತ್ತೂವರೆವರೆಗೆ ಕ್ಯಾಂಪ್‌ಫೈರ್, ಐದಕ್ಕೆ ಸೀಟಿ ಎಂದರೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕಾದ ವಯಸ್ಸಿನವರಿಗೆ ಸಿಗುವುದು ಹೆಚ್ಚೆಂದರೆ ಆರೂವರೆ. ಆ ಕೊರತೆಯನ್ನು ಕೆಫೀನ್ ತುಂಬುವುದಿಲ್ಲ, ತೂಕಡಿಕೆಯನ್ನಷ್ಟೇ ಮರೆಮಾಚುತ್ತದೆ. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಸುಮಾರು ಅರ್ಧ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿರುತ್ತದೆ. ಹೀಗೆ ನಿದ್ದೆಗೆಡಿಸಿದ ಮೇಲೆ ಬಾಟಲಿ ಕಿತ್ತುಕೊಳ್ಳುವುದು ಅನ್ಯಾಯ. ಒಂಬತ್ತೂವರೆಗೆ ದೀಪ ಆರಲಿ, ಸೀಟಿ ಆರಕ್ಕೆ ಊದಲಿ.

ಚಹಾಕ್ಕೂ ಹೊತ್ತು ಗೊತ್ತಿರಬೇಕು. ಉಪ್ಪಿಟ್ಟಿನ ಜೊತೆಗೇ ಚಹಾ ಹೀರಿದರೆ ಅದರ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಕಂಡುಬಂದ ದೇಶವಿದು. ವ್ಯಾಯಾಮಕ್ಕೆ ಮೊದಲು ಅರ್ಧ ಲೋಟ ಚಹಾ, ತಿಂಡಿ ಒಂದು ಗಂಟೆ ಬಿಟ್ಟು, ಸಂಜೆಗೆ ರಾಗಿ ಮಾಲ್ಟ್: ಇಷ್ಟಕ್ಕೆ ಶಿಬಿರದ ಅಡುಗೆಮನೆಗೆ ಹೆಚ್ಚಿನ ಖರ್ಚೂ ಇಲ್ಲ.