ಜಗಲಿಯ ಎತ್ತರ

ಮಣ್ಣಗುಡ್ಡದ ಒಳರಸ್ತೆಗಳಲ್ಲಿ ಉಳಿದಿರುವ ಹಂಚಿನ ಮನೆಗಳು ರಿಪೇರಿಗೆ ಬಂದಾಗ ಮೊದಲು ಬದಲಾಗುವುದು ಎದುರಿನ ಜಗಲಿ ಮತ್ತು ಉಪ್ಪರಿಗೆಯ ಮೆಟ್ಟಿಲು. ಕಾವಿ ನೆಲ ಹೋಗಿ ಹೊಳೆಯುವ ಗ್ರಾನೈಟ್ ಬರುತ್ತದೆ, ಮರದ ಕಟಕಟೆಯ ಜಾಗಕ್ಕೆ ಸ್ಟೀಲ್ ರೇಲಿಂಗ್. ಇದನ್ನು ಕಂಡು ಪರಂಪರೆ ಹೋಯಿತೆಂದು ಮರುಗುವ ಬರಹಗಳು ನಮ್ಮಲ್ಲಿ ಧಾರಾಳ. ಆ ಹಳಹಳಿಕೆಯ ಬಗ್ಗೆ ನನ್ನ ತಕರಾರಿದೆ.

ಮೆಟ್ಟಿಲನ್ನೇ ನೋಡಿ. ಹಳೆಯ ಉಪ್ಪರಿಗೆ ಮೆಟ್ಟಿಲು ಬಹುಪಾಲು ಏಣಿಯ ತಮ್ಮ: ಕಡಿದು, ಇಕ್ಕಟ್ಟು, ಕತ್ತಲೆ. ಮೆಟ್ಟಿಲಿನ ಎತ್ತರ 19 ಸೆಂ.ಮೀ. ಮೀರಬಾರದು, ಪಾದವಿಡುವ ಜಾಗ 25 ಸೆಂ.ಮೀ.ಗೆ ಕಡಿಮೆಯಾಗಬಾರದು ಎಂದು ಮನೆಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹಳೆಯ ಮೆಟ್ಟಿಲಿಗೆ ಮೂಟೆ ಹೊತ್ತು ಏರುವ ಆಳಿನ ಕಾಲು ಗೊತ್ತಿತ್ತು, ಮಂಡಿನೋವಿನ ಅಜ್ಜಿಯ ಕಾಲು ಗೊತ್ತಿರಲಿಲ್ಲ. ಅದನ್ನು ಕಿತ್ತು ಸಲೀಸಾದ ಮೆಟ್ಟಿಲು ಕಟ್ಟಿಸುವ ಸೊಸೆಯನ್ನು ಸೌಂದರ್ಯದ ಹೆಸರಿನಲ್ಲಿ ಗದರುವ ಹಕ್ಕು ವಿಮರ್ಶಕರಿಗಿಲ್ಲ.

ಜಗಲಿಯ ಕಥೆ ಇನ್ನೂ ಜಟಿಲ. ಕೆಂಪುಕಲ್ಲಿನ ಆ ಎತ್ತರ ಬರೀ ಮಳೆನೀರಿಗೆ ಹೆದರಿ ಕಟ್ಟಿದ್ದಲ್ಲ. ಅಂಗಳದಲ್ಲೇ ನಿಲ್ಲಬೇಕಾದವರು ಯಾರು, ಜಗಲಿ ಏರಬಹುದಾದವರು ಯಾರು, ಚಾವಡಿ ದಾಟಬಹುದಾದವರು ಯಾರು ಎಂಬ ಲೆಕ್ಕವನ್ನು ಜಾತಿ ಅಲ್ಲೇ ಬರೆದಿಟ್ಟಿತ್ತು. ಕಾರಂತರ ‘ಚೋಮನ ದುಡಿ’ (1933) ಓದಿದವರಿಗೆ ಒಡೆಯನ ಅಂಗಳಕ್ಕೂ ಜಗಲಿಗೂ ಇರುವ ದೂರ ಗೊತ್ತು. ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದ ವಿಜಯನಾಥ ಶೆಣೈ ಅವರ ಕೆಲಸ ದೊಡ್ಡದು, ಅನುಮಾನವಿಲ್ಲ. ಆದರೆ ಅಲ್ಲಿ ಟಿಕೆಟ್ ಕೊಂಡವರೆಲ್ಲ ಒಳಗೆ ಹೋಗಬಹುದು. ಹಾಗಾಗಿ ಆ ಜಗಲಿಗಳು ತಮ್ಮ ಹಳೆಯ ಮಾತನ್ನು ಆಡುವುದಿಲ್ಲ. ಮರದ ಕೆತ್ತನೆ ಉಳಿಯಿತು, ಅದರ ಎದುರು ಕೈಕಟ್ಟಿ ನಿಂತವರ ನೆನಪು ಉಳಿಯಿತೇ?

ಹಾಗಂತ ಗ್ರಾನೈಟಿಗೆ ಜೈ ಎನ್ನಲಾರೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಹೊರಮೆಟ್ಟಿಲಿಗೆ ನುಣುಪು ಕಲ್ಲು ಹಾಸುವುದು ಸೊಂಟ ಮುರಿದುಕೊಳ್ಳುವ ಏರ್ಪಾಡು. (ಟೈಲ್ಸ್ ಅಂಗಡಿಯವರು ಇದನ್ನು ಹೇಳುವುದು ಕಡಿಮೆ.) ಜಗಲಿಗೆ ಗ್ರಿಲ್ ಹಾಕಿ, ಅಂಗಳವನ್ನು ಕಾರಿಗೆ ಕೊಟ್ಟು, ಗೇಟಿಗೆ ಕ್ಯಾಮೆರಾ ಕೂರಿಸಿದಾಗ ಮೀನಿನ ಬುಟ್ಟಿ ಹೊತ್ತು ಬಂದವಳು ಅಂಗಳದಿಂದಲೂ ಹೊರಬಿದ್ದು ರಸ್ತೆಗೆ ಬಂದಳು. ಹಳೆಯ ಮನೆ ಅವಳನ್ನು ಕೆಳಗೆ ನಿಲ್ಲಿಸಿತ್ತು, ಹೊಸದು ಅಷ್ಟನ್ನೂ ಕೊಡುವುದಿಲ್ಲ.

ಇದೇ ವಠಾರದ ಒಂದು ಮನೆಯಲ್ಲಿ ಜಗಲಿಯ ಒಂದು ಬದಿ ಒಡೆದು ಒರಟು ಕಲ್ಲಿನ ಇಳಿಜಾರು ಮಾಡಿದ್ದಾರೆ. ಕಿತ್ತ ಮೆಟ್ಟಿಲಿನ ಹಲಸಿನ ಹಲಗೆಗಳು ಕಂಪೌಂಡಿನ ಹೊರಗೆ, ಗೋಡೆಗೆ ಒರಗಿದ ಬೆಂಚಾಗಿವೆ. ಮೊನ್ನೆ ಅದರ ಮೇಲೆ ಕೊರಿಯರ್ ಹುಡುಗನೊಬ್ಬ ಚಪ್ಪಲಿ ಬಿಚ್ಚಿಟ್ಟು ಕೂತಿದ್ದ.