‘ಸ್ಟೀರಾಯ್ಡ್ ಪ್ರತಿರೋಧ’: ಒಂದು ಶಬ್ದವಿಮರ್ಶೆ

ಮೂತ್ರದಲ್ಲಿ ಸಸಾರಜನಕವು ಸೋರಿಹೋಗಿ ಮಕ್ಕಳ ಮೈ ಬಾತುಕೊಳ್ಳುವ ಮೂತ್ರಪಿಂಡರೋಗಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಎಂದು ಹೆಸರು. ಬಹುಮಂದಿ ಮಕ್ಕಳಲ್ಲಿ ಅದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನಿಂದ ಶಮನವಾಗುತ್ತದೆ. ಭಾರತೀಯ ಶಿಶುಮೂತ್ರಪಿಂಡತಜ್ಞರ 2021ರ ಮಾರ್ಗಸೂಚಿಯಂತೆ, 6 ವಾರಗಳ ನಿತ್ಯಸೇವನೆಯಿಂದಲೂ ಪೂರ್ಣಶಮನವಾಗದ ವ್ಯಾಧಿಯು ಬೇರೊಂದು ವರ್ಗಕ್ಕೆ ಸೇರುತ್ತದೆ. ಇದರ ಆಂಗ್ಲ ಹೆಸರನ್ನು ‘ಸ್ಟೀರಾಯ್ಡ್ ಪ್ರತಿರೋಧ’ವೆಂದು ಕನ್ನಡಿಸುವುದುಂಟು.

ಈ ಅನುವಾದವು ಪದಶಃ ಸರಿಯಾದರೂ ಅರ್ಥದಲ್ಲಿ ದೋಷಯುಕ್ತವಾಗಿದೆ. ‘ರೋಗಪ್ರತಿರೋಧಶಕ್ತಿ’ಯೆಂಬಲ್ಲಿ ಪ್ರತಿರೋಧವು ದೇಹದ ಗುಣ, ಇಲ್ಲಿಯಾದರೋ ವ್ಯಾಧಿಯ ಹಟ. ಆಲೂರು ತಾಲ್ಲೂಕಿನ ಕುಂದೂರಿನಿಂದ ಮಗುವನ್ನು ಹಾಸನದ ವೈದ್ಯರಲ್ಲಿಗೆ ಕರೆತಂದ ತಾಯಿಯೊಬ್ಬಳು, ಮಗುವಿನ ಮೈಯೇ ಔಷಧವನ್ನು ತಳ್ಳುತ್ತಿದೆಯೆಂದು ಬಗೆದು ಚಿಕಿತ್ಸೆಯನ್ನೇ ಬಿಟ್ಟರೆ, ಆ ಹಾನಿಯಲ್ಲಿ ಪದಕರ್ತರಿಗೂ ಪಾಲುಂಟು.

‘ಅಸಾಧ್ಯ’ವೆಂಬುದೂ ಸಲ್ಲದು. ಪೋಡೋಸಿನ್ ಮೊದಲಾದವುಗಳ ವಂಶಾಣುದೋಷದಿಂದ ಹುಟ್ಟಿದ ವ್ಯಾಧಿಯು ಔಷಧಕ್ಕೆ ಮಣಿಯುವುದು ವಿರಳವೇ ಸರಿ; ಆದರೆ ಉಳಿದ ಮಕ್ಕಳಲ್ಲಿ ಅನೇಕರಿಗೆ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್‌ಗಳು ಫಲಿಸುತ್ತವೆ. ಚರಕಸಂಹಿತೆಯು ಸುಖಸಾಧ್ಯಕ್ಕೂ ಅಸಾಧ್ಯಕ್ಕೂ ನಡುವೆ ಕೃಚ್ಛ್ರಸಾಧ್ಯ, ಯಾಪ್ಯವೆಂಬ ಭೇದಗಳನ್ನು ಹೇಳಿರುವುದು ಇಂತಹ ವಿವೇಕದಿಂದಲೇ.

ನಮ್ಮ ಜನರು ‘ಮದ್ದು ನಾಟಲಿಲ್ಲ’ವೆನ್ನುವರು. ‘ಸ್ಟೀರಾಯ್ಡ್ ನಾಟದ ವ್ಯಾಧಿ’ಯೆಂದರೆ, ಸೋತದ್ದು ಆ ಮದ್ದೇ ಹೊರತು ಮಗುವಲ್ಲವೆಂದೂ, ಬೇರೊಂದು ನಾಟೀತೆಂದೂ ತಾನಾಗಿಯೇ ಹೊಳೆಯುತ್ತದೆ. ಪರಿಭಾಷೆಯನ್ನು ರಚಿಸುವವರು ಇದನ್ನು ಪರಾಂಬರಿಸಬೇಕು.