ಹಿಂದಿನ ಸೀಟಿನ ಹಾಡು

ನಮ್ಮಪ್ಪ ಯಶವಂತಪುರ ಸ್ಟೇಷನ್ನಿನ ಮುಂದೆ ಆಟೋ ಓಡಿಸುತ್ತಿದ್ದರು. ಆ ಬಾಡಿಗೆ ದುಡ್ಡಿನಲ್ಲೇ ನಾನು ಬಿ.ಎ., ಬಿ.ಎಡ್. ಮುಗಿಸಿ ಟೀಚರಾದೆ. ಇದನ್ನು ಬಲ್ಲ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಸಿಕ್ಕಿದವನು, "ಮೇಡಂ, ನಿಮ್ಮ ತಂದೆಯವರ ಹಾಡೊಂದಿದೆ, ಕೇಳಿ" ಎಂದು ಫೋನಿಗೆ ಕಳಿಸಿದ. ಹಾಡಿನ ಹೆಸರು 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್'. ಓದಿದೊಡನೆ ನಗು ಬಂತು. ಹೆಸರೇನೋ ನಮ್ಮ ರಸ್ತೆಯದು, ಹಾಡು ಮಾತ್ರ ಇಂಗ್ಲಿಷಿನದು.

ಹಾಡಿ, ಗಿಟಾರ್ ನುಡಿಸಿದವರು ಬ್ರೂಸ್ ಲೀ ಮಣಿ. ಹೆಸರು ಕೇಳಿ ನಿಮಗೆ ಹೊಡೆದಾಟದ ಸಿನಿಮಾ ನೆನಪಾದರೆ ತಪ್ಪು ನಿಮ್ಮದಲ್ಲ, ನನಗೂ ಆಯಿತು. ಇವರ ತಂಡ 'ಥರ್ಮಲ್ ಅಂಡ್ ಎ ಕ್ವಾರ್ಟರ್' 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ಹೆಸರಿನ ಗುಟ್ಟು ತಮಾಷೆಯದು: ಮೊದಲಿದ್ದವರು ಮೂವರು ಮಲಯಾಳಿಗಳು, ಮತ್ತೊಬ್ಬರು ಕಾಲುಭಾಗ ಮಲಯಾಳಿ. ಬ್ಲೂಸ್, ಜಾಝ್, ಕುಣಿಸುವ ಫಂಕ್ ಎಲ್ಲವನ್ನೂ ಕಲೆಸಿ, ಅದಕ್ಕೆ 'ಬೆಂಗಳೂರು ರಾಕ್' ಎಂದು ಹೆಸರಿಟ್ಟುಕೊಂಡಿದ್ದಾರೆ. 2012ರ '3 ವೀಲ್ಸ್ 9 ಲೈವ್ಸ್' ಮೂರು ಸಿ.ಡಿ.ಗಳ ದೊಡ್ಡ ಆಲ್ಬಂ. ಮೂರು ಗಾಲಿ ಅಂದರೆ ಆಟೋನೇ.

ಬ್ಲೂಸ್ ಅಂದರೇನೆಂದು ನನಗೂ ಗೊತ್ತಿರಲಿಲ್ಲ. ಆ ಹುಡುಗನೇ ಬಿ.ಬಿ. ಕಿಂಗ್ ಅವರ ಹಾಡುಗಳನ್ನೂ ಕಳಿಸಿದ. ಅಮೆರಿಕದ ಹತ್ತಿ ಹೊಲಗಳ ಕಪ್ಪು ಜನರ ಹಾಡು ಅದು. ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಮಾತು ಮುಗಿಯುತ್ತದೆ. ಸಾಲಿನ ಕೊನೆಗೆ ಉಳಿದ ಜಾಗದಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ನಮ್ಮ ಸೋಬಾನೆ ಪದದಲ್ಲಿ ಒಬ್ಬಾಕೆ ಹೇಳಿ, ಉಳಿದವರು ಸೊಲ್ಲು ಹಿಡಿಯುವುದಿಲ್ಲವೇ, ಹಾಗೆ. ಕಿಂಗ್ ಹುಡುಗನಾಗಿದ್ದಾಗ ಮಿಸಿಸಿಪ್ಪಿಯ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸಿದವರು. ಸ್ಟೀರಿಂಗ್ ಹಿಡಿದ ಕೈಯೇ ಗಿಟಾರನ್ನೂ ಹಿಡಿಯಿತು. ನನ್ನ ತಕರಾರು ಶುರುವಾದದ್ದು ಇಲ್ಲಿಂದಲೇ.

ಮಣಿಯವರ ಕೈಚಳಕಕ್ಕೆ ಎರಡು ಮಾತಿಲ್ಲ. ಕುಲುಕಿ ಕುಲುಕಿ ಓಡುವ ತಾಳ ಕೇಳಿದರೆ ಗುಂಡಿ ಬಿದ್ದ ರಸ್ತೆಯಲ್ಲಿ ಹೋಗುತ್ತಿರುವಂತೆಯೇ ಇದೆ. ದನಿಯಲ್ಲಿ ತುಂಟತನವಿದೆ, ದ್ವೇಷವಿಲ್ಲ. ಬೆಂಗಳೂರಿನಲ್ಲಿ ಇಂಗ್ಲಿಷ್ ಹಾಡುವವರಲ್ಲಿ ಬಹಳ ಮಂದಿ ಲಂಡನ್ನಿನಲ್ಲಿದ್ದಂತೆ ಹಾಡುತ್ತಾರೆ, ಇವರು ಇಲ್ಲೇ ಇದ್ದು ಹಾಡುತ್ತಾರೆ. ಅದು ಸಣ್ಣ ಮಾತಲ್ಲ. ಆದರೆ ಹಾಡು ನನ್ನ ಕಿವಿಗೆ ಹಿಂದಿನ ಸೀಟಿನಿಂದ ಬಂದಂತೆ ಕೇಳಿಸಿತು. ಡ್ರೈವರನ ಒಂದು ಮಾತನ್ನು ಎತ್ತಿಕೊಂಡು ಪ್ರಯಾಣಿಕರು ನಗುವ ಹಾಡು. ಮುಂದೆ ಕೂತ ಖಾಕಿ ಅಂಗಿಯವನು ಬ್ಲೂಸ್ ಹಾಡಿದರೆ ಏನು ಹಾಡಿಯಾನು?

ಅಪ್ಪ ರಾತ್ರಿ ಯಲಹಂಕಕ್ಕೆ ಬಾಡಿಗೆ ಹೋದರೆ ಅಮ್ಮ ಊಟ ಮಾಡದೆ ಕಾಯುತ್ತಿದ್ದಳು. ಹೋಗುವಾಗ ದುಡ್ಡು, ಬರುವಾಗ ಖಾಲಿ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು ಕೇಳುವುದು ಕಾನೂನೇ. ಹಗಲಲ್ಲಿ ಕೇಳಿದರೆ ಜಗಳ. ನಾನೂ ಸಂಬಳಕ್ಕೆ ಬಂದ ಮೇಲೆ ಆಟೋದವರ ಜೊತೆ ಜಗಳವಾಡಿದ್ದೇನೆ, ಅಪ್ಪನ ಮಗಳಾಗಿಯೂ! ಬಹುಶಃ ಆ ಹಾಡು ನನಗೆ ಚುಚ್ಚಿದ್ದು ಅದಕ್ಕೇ ಇರಬೇಕು.

1980ರ 'ಆಟೋ ರಾಜ'ದಲ್ಲಿ ಶಂಕರ್ ನಾಗ್ ಮುಂದಿನ ಸೀಟಿನಲ್ಲಿ ಕೂತರು. ಅವರು ತೀರಿಕೊಂಡದ್ದು 1990ರಲ್ಲಿ. ಇವತ್ತಿಗೂ ಆಟೋಗಳ ಮೇಲೆ ಅವರ ಚಿತ್ರವಿದೆ. ಸಿನಿಮಾದ ಆಟೋದವನು ನಿಜದವನಿಗಿಂತ ಬಹಳ ಚಂದ, ಒಪ್ಪುತ್ತೇನೆ. ಆದರೂ ಅದು ಡ್ರೈವರುಗಳು ತಮ್ಮದೆಂದು ಅಂಟಿಸಿಕೊಂಡ ಚಿತ್ರ. ಮಣಿಯವರ ಹಾಡನ್ನು ಸ್ಟ್ಯಾಂಡಿನಲ್ಲಿ ಯಾರೂ ಗುನುಗುವುದನ್ನು ನಾನು ಕೇಳಿಲ್ಲ. ಭಾಷೆಯೊಂದೇ ಕಾರಣವೆನ್ನಲಾರೆ. ಬಿ.ಬಿ. ಕಿಂಗ್‌ರ ಮಾತು ನನಗೆ ಅರ್ಧವೂ ತಿಳಿಯಲಿಲ್ಲ, ಗಿಟಾರ್ ಅತ್ತದ್ದು ಮಾತ್ರ ತಿಳಿಯಿತು. ಇಲ್ಲಿ ಗಿಟಾರ್ ಮಾತಿಗಿಂತ ಹೆಚ್ಚು ನಗುತ್ತದೆ.

ಭಾನುವಾರ ಅಪ್ಪನಿಗೆ ಹಾಡು ಕೇಳಿಸಿದೆ. ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಫೋನನ್ನು ಕಿವಿಗೆ ಒತ್ತಿಕೊಂಡು, "ಏನಂತೆ?" ಎಂದರು. "ಮೀಟರ್ ಮೇಲೆ ಒಂದೂವರೆ ಕೇಳ್ತಾರೆ ಅಂತ ಹಾಡು ಕಟ್ಟಿದಾರೆ ಅಪ್ಪ" ಎಂದೆ.

"ಎಲ್ಲಿಗಂತೆ ಬಾಡಿಗೆ? ವಾಪಸ್ ಬರೋವಾಗ ಗಿರಾಕಿ ಸಿಗ್ತಾರಾ?"

ನನಗೆ ಉತ್ತರ ಹೊಳೆಯಲಿಲ್ಲ. ಹಾಡು ಮುಗಿಯಿತು.

"ಬಾರಿಸೋದು ಚೆನ್ನಾಗಿ ಬಾರಿಸ್ತಾನಮ್ಮ ಹುಡುಗ. ಇನ್ನೊಂದ್ಸಲ ಹಾಕು" ಎಂದರು.